ಆರದ ಬಲ್ಬು

ದಸರೆಗೆ ಮನೆ ತೊಳೆಯುತ್ತಿದ್ದೆವು. ಮಗಳು ಕಸ್ತೂರಿ ಸ್ಟೂಲ್ ಹತ್ತಿ, ಒದ್ದೆ ಬಟ್ಟೆಯಿಂದ ಅಡುಗೆಮನೆಯ ಎಲ್‌ಇಡಿ ಬಲ್ಬು ಒರೆಸಲು ಕೈ ಎತ್ತಿದ್ದಳು.

"ಸ್ವಿಚ್ ಬಂದ್ ಮಾಡೇನಿ ಬೇ, ಅಂಜಬ್ಯಾಡ."

ಆದರೂ ಬಲ್ಬು ಮಂದವಾಗಿ ಮಿಣುಕುತ್ತಿತ್ತು. ಅಂದರೆ, ಸ್ವಿಚ್ಚನ್ನು ಕರೆಂಟು ಬರುವ ತಂತಿಗೆ ಹಾಕದೆ, ಮರಳಿ ಹೋಗುವ ತಂತಿಗೆ ಹಾಕಿದ್ದರು. ಕರೆಂಟು ಹೋಲ್ಡರಿನಲ್ಲೇ ಇತ್ತು.

"ಮುಟ್ಟಬ್ಯಾಡ ನನ್ನವ್ವಾ. ಸಾವಕಾಶ ಇಳಿ."

"ನಿಂದೊಂದು ಯಾವಾಗ್ಲೂ!" ಎಂದು ನಗುತ್ತ ಇಳಿದಳು. ಓಡಿಹೋಗಿ ಮೇನ್ ಆರಿಸಿದೆ.

"ಸುಭಾಷ ಕಾಕಾನ ವೈರಿಂಗಲ್ಲೇನು ಇದು? ಅರಕೇರಿ ದೊಡ್ಡವ್ವನ ಮನಿಗೂ ಅವನ ಮಾಡ್ಯಾನ," ಎಂದಳು ಕಸ್ತೂರಿ.

ಅರಕೇರಿಯ ನನ್ನ ಅಕ್ಕನ ಮನೆಯಲ್ಲೂ ಇವತ್ತೇ ತೊಳೆಯುವುದಿತ್ತು. ಫೋನ್ ಹಚ್ಚಿದೆ. ಬಹಳ ಹೊತ್ತು ರಿಂಗಾಯಿತು. ಕೊನೆಗೆ ಎತ್ತಿದ್ದು ಅಕ್ಕನಲ್ಲ, ನೆರೆಮನೆಯ ಹೊಳೆವ್ವ.

"ಲಗೂನ ಬರ್ರಿ," ಎಂದಷ್ಟೇ ಹೇಳಿದಳು.