ಕೊರಳ ಪಟ್ಟಿಯ ಒಳಗೆ

ನಾನು ಚರ್ಚಿನ ಗುರುಗಳು ತೊಡುವ ಗುಲಾಬಿ ಬಣ್ಣದ ಒಂದು ಪೂಜಾವಸ್ತ್ರ. ಹುಟ್ಟುವಾಗ ಸೀರೆಯಾಗಿದ್ದೆ. ಕೊಳ್ಳೇಗಾಲದ ಮಗ್ಗದಿಂದ ಇಳಿಸಿ ಮಡಿಸಿದವರು, ಇದು ಮದುವೆ ಸೀರೆ ಎಂದರು. ಹಾಗಾಗಿ ನಾನು ಮದುವೆಗೆ ಕಾದೆ.

ಲೂರ್ದಮ್ಮ ನನ್ನನ್ನು ತನ್ನ ಮಗಳು ಕ್ಲಾರಾಳಿಗಾಗಿ ಕೊಂಡಳು. ಗಂಡು ಗೊತ್ತಾಗಿತ್ತು. ಆದರೆ ಕ್ಲಾರಾ ಮದುವೆ ಬೇಡವೆಂದು ಕನ್ಯಾಸ್ತ್ರೀಯರ ಮಠ ಸೇರಿದಳು. ಅವಳು ಹೊರಟ ದಿನ ತಾಯಿ ಬಾಗಿಲಿಗೂ ಬರಲಿಲ್ಲ. ಮಡಿಕೆ ಬಿಚ್ಚದೆ ಪೆಟ್ಟಿಗೆಯಲ್ಲೇ ಉಳಿದ ನನಗೆ ಏನೂ ತಿಳಿಯಲಿಲ್ಲ. ನನ್ನಲ್ಲೇ ಏನಾದರೂ ದೋಷವಿತ್ತೇ?

ಎರಡು ವರ್ಷದ ಮೇಲೆ ಲೂರ್ದಮ್ಮ ನನ್ನನ್ನು ಚರ್ಚಿಗೆ ತಂದು, ಯಾರಿಗಾದರೂ ಕೊಟ್ಟುಬಿಡಿ ಎಂದಳು. ಫಾದರ್ ನನ್ನನ್ನು ಬೆಳಕಿಗೆ ಹಿಡಿದು, ಈ ಬಣ್ಣ ನಮಗೇ ಬೇಕಿತ್ತು ಎಂದರು. ಕ್ರಿಸ್‌ಮಸ್ಸಿಗೆ ಮುಂಚಿನ ಆಗಮನಕಾಲದಲ್ಲೂ ಈಸ್ಟರಿಗೆ ಮುಂಚಿನ ತಪಸ್ಸುಕಾಲದಲ್ಲೂ ಗುರುಗಳು ತೊಡುವುದು ನೇರಳೆಯಂತೆ. ನಡುವೆ ಒಂದೊಂದು ಭಾನುವಾರ ಮಾತ್ರ ಗುಲಾಬಿ. ಕಾಯುವುದು ಮುಗಿಯುತ್ತ ಬಂತು, ಸಂತೋಷಪಡಿ ಎಂದು ಜನರಿಗೆ ಹೇಳಲು. ಹಾಗಾದರೆ ತಾನೇ ಹೊಲಿಯುತ್ತೇನೆ ಎಂದಳು ಲೂರ್ದಮ್ಮ. ಕತ್ತರಿ ಹಿಡಿದು ನನ್ನನ್ನು ಫಾದರ್ ಅಳತೆಗೆ ಕತ್ತರಿಸಿದಳು. ಕೊರಳ ಪಟ್ಟಿಯನ್ನು ಮಾತ್ರ ಮೂರು ಸಲ ಮಡಿಸಿ, ಒತ್ತೊತ್ತಾಗಿ ಹೊಲಿದಳು.

ಫಾದರ್ ಮೊದಲ ಸಲ ನನ್ನನ್ನು ತೊಟ್ಟು ಬಂದಾಗ ಹೆಂಗಸರ ಸಾಲಿನಲ್ಲಿ ಒಬ್ಬಳು, "ಸ್ವಾಮಿಯೋರು ಮದ್ವೆ ಗಂಡಿನಂಗೆ ಅವ್ರೆ ಕಣೆ" ಎಂದು ಪಿಸುಗುಟ್ಟಿದಳು. ಉಳಿದವರು ಬಾಯಿಗೆ ಸೆರಗು ಅಡ್ಡ ಹಿಡಿದರು. ಲೂರ್ದಮ್ಮ ನಗಲಿಲ್ಲ, ಅಳಲೂ ಇಲ್ಲ. ನನ್ನನ್ನೇ ನೋಡುತ್ತಿದ್ದಳು. ಸಂತೋಷ ಎಂದರೆ ಇದೇ ಏನು? ಯಾರನ್ನು ಕೇಳಲಿ?

ಹೀಗೆ ಹನ್ನೊಂದು ವರ್ಷ. ವರ್ಷಕ್ಕೆ ಎರಡು ದಿನ ಬೆಳಕು, ಉಳಿದ ದಿನ ನೇರಳೆ ವಸ್ತ್ರಗಳ ಕೆಳಗೆ ನುಸಿಗುಳಿಗೆಯ ವಾಸನೆ.

ಆಮೇಲೆ ಒಂದು ದಿನ ಲೂರ್ದಮ್ಮ ಫಾದರಿಗೆ ಹೇಳುತ್ತಿದ್ದುದು ಬೀರುವಿನೊಳಗೆ ಕೇಳಿಸಿತು. ಆಗಮನಕಾಲದ ಮೂರನೆಯ ಭಾನುವಾರ, ನನ್ನನ್ನು ತೊಡುವ ದಿನ, ಕ್ಲಾರಾ ಬರುತ್ತಾಳಂತೆ. ಅಷ್ಟು ವರ್ಷ ಮಗಳ ಕಾಗದಕ್ಕೆ ಉತ್ತರ ಕೊಡದವಳು ಈ ಸಲ, ಬಾ, ನಿನ್ನ ಸೀರೆ ಏನಾಗಿದೆ ನೋಡುವೆಯಂತೆ ಎಂದು ಬರೆಸಿದ್ದಳು.

ಆ ವರ್ಷ ವಸ್ತ್ರಗಳನ್ನು ನೋಡಿಕೊಳ್ಳಲು ಇನ್ನಾಸಪ್ಪ ಹೊಸದಾಗಿ ಬಂದಿದ್ದ. ಒಳ್ಳೆಯ ಮನುಷ್ಯ. ನೇರಳೆಯ ಕಟ್ಟಿನಲ್ಲಿ ನನ್ನನ್ನು ಕಂಡು, ಪಾಪ, ಇದು ಮಾಸಿಹೋದ ನೇರಳೆ ಎಂದುಕೊಂಡ. ಯಾರಿಗೂ ಹೇಳದೆ ಬಣ್ಣ ಹಾಕುವವರ ಹತ್ತಿರ ಒಯ್ದ. ಕುದಿಯುವ ಹಂಡೆಯಿಂದ ಎದ್ದಾಗ ನಾನು ನೇರಳೆಯಾಗಿದ್ದೆ. ಸತ್ತೆನೋ, ಮತ್ತೆ ಹುಟ್ಟಿದೆನೋ ಗೊತ್ತಾಗಲಿಲ್ಲ.

ಆ ಭಾನುವಾರ ಬೆಳಿಗ್ಗೆ ಇನ್ನಾಸಪ್ಪ ಹೆಮ್ಮೆಯಿಂದ ನನ್ನನ್ನು ಬಿಡಿಸಿ ತೋರಿಸಿದ. ಫಾದರ್ ಕುರ್ಚಿಯ ಮೇಲೆ ಕೂತುಬಿಟ್ಟರು. ಗಂಟೆ ಹೊಡೆದಾಗಿತ್ತು, ನನ್ನನ್ನೇ ತೊಟ್ಟು ನಡೆದರು. ಮುಂದಿನ ಸಾಲಿನಲ್ಲಿ ಬಿಳಿ ಉಡುಪಿನ ಕ್ಲಾರಾ, ಪಕ್ಕದಲ್ಲಿ ಲೂರ್ದಮ್ಮ. ಪೂಜೆಯುದ್ದಕ್ಕೂ ತಾಯಿಯ ಕಣ್ಣು ನನ್ನನ್ನು ಹುಡುಕಿತು. ನಾನು ಎದುರಿಗೇ ಇದ್ದೆ.

ಪೂಜೆ ಮುಗಿದದ್ದೇ ತಾಯಿ ಮಗಳು ಒಳಕೋಣೆಗೆ ಬಂದರು. "ಸೀರೆ ಎಲ್ಲಿ ಸ್ವಾಮಿ?" ಎಂದಳು ಲೂರ್ದಮ್ಮ.

ಇನ್ನಾಸಪ್ಪ ತಲೆ ತಗ್ಗಿಸಿದ. "ಮಾಸೋಗದೆ ಅಂದ್ಕಂಡೆ ಕಣವ್ವ."

ಲೂರ್ದಮ್ಮ ಅವನನ್ನು ಬೈಯಲಿಲ್ಲ. ನನ್ನನ್ನು ಮೇಜಿನ ಮೇಲೆ ಹರಡಿ, ಕತ್ತರಿ ಕೇಳಿ ತೆಗೆದುಕೊಂಡು, ಕೊರಳ ಪಟ್ಟಿಯ ಹೊಲಿಗೆ ಬಿಚ್ಚಿದಳು. ಮೂರನೆಯ ಮಡಿಕೆಯ ಒಳಗೆ ಬಣ್ಣ ಇಳಿದಿರಲಿಲ್ಲ. ಬೆರಳಗಲ ಗುಲಾಬಿ, ಮಗ್ಗದಿಂದ ಇಳಿದ ದಿನದಂತೆಯೇ. ಕ್ಲಾರಾ ಅದನ್ನು ಮುಟ್ಟಿದಳು.

"ಇದನ್ನ ಉಡ್ಲಿಲ್ಲ ಅಂತ ನನ್ ಮೇಲೆ ಇನ್ನೂ ಕೋಪಾನಾ ಅವ್ವ?"

"ಕೋಪ ಇದ್ದಿದ್ರೆ ಇಷ್ಟು ಒತ್ತಾಗಿ ಹೊಲೀತಿದ್ನಾ?"

ಇಬ್ಬರೂ ಅತ್ತರು. ಅದು ಸಂತೋಷಪಡಬೇಕಾದ ಭಾನುವಾರ. ನನಗೆ ಇಂದಿಗೂ ಅರ್ಥವಾಗಿಲ್ಲ.

ಈಗ ಪೇಟೆಯಿಂದ ಹೊಸ ಗುಲಾಬಿ ವಸ್ತ್ರ ಬಂದಿದೆ. ನಾನು ಬೀರುವಿನ ಕೆಳಗಿನ ಖಾನೆಯಲ್ಲಿದ್ದೇನೆ. ನೇರಳೆಯವರು ನನ್ನನ್ನು ತಮ್ಮ ಪೈಕಿ ಎನ್ನುವುದಿಲ್ಲ. ಗುಲಾಬಿಯಂತೂ ಮಾತೇ ಆಡುವುದಿಲ್ಲ. ಆ ಭಾನುವಾರ ಬಂದಾಗ ಲೂರ್ದಮ್ಮ ಬಂದು ಖಾನೆ ಎಳೆಯುತ್ತಾಳೆ. ಅವಳ ಕಣ್ಣಿಗೆ ಪೊರೆ ಬಂದಿದೆ. ಬೆರಳು ಮಾತ್ರ ನೇರವಾಗಿ ಕೊರಳ ಪಟ್ಟಿಯೊಳಗೆ ಹೋಗುತ್ತದೆ.