ಗಂಟು ದಾಟದ ಉಂಗುರ

ಉಂಗುರ ಬೆರಳಿನ ಗಂಟಿನವರೆಗೆ ಸಲೀಸಾಗಿ ಹೋಯಿತು. ಅಲ್ಲಿಂದ ಮುಂದೆ ಜಪ್ಪಯ್ಯ ಎಂದರೂ ಹೋಗಲಿಲ್ಲ. ಟೈಲರಮ್ಮ ತಿರುಗಿಸಿ ನೋಡಿದಳು, ಸೋಪು ಸವರಿ ನೋಡಿದಳು, ಗಂಡನ ಬೆರಳನ್ನು ಎರಡೂ ಅಂಗೈಗಳ ನಡುವೆ ಹಿಡಿದು ಉಜ್ಜಿ ನೋಡಿದಳು. ಉಜ್ಜಿದರೆ ಬೆಚ್ಚಗಾಗುವ ಬೆರಳಲ್ಲ ಅದು ಈಗ. ನಿನ್ನೆ ಸಂಜೆಯೇ ಎಲ್ಲ ಮುಗಿದಿತ್ತು.

"ಬಿಡು ಅತ್ತಿಗೆ," ಎಂದಳು ನಾದಿನಿ, ಸತ್ತವನ ತಂಗಿ. "ಬದುಕಿದ್ದಾಗ ಹಾಕ್ಕೊಳ್ಳದೇ ಇದ್ದವನು ಈಗ ಹಾಕ್ಕೋತಾನಾ? ನಮ್ಮಣ್ಣ ಹುಟ್ಟಾ ಮೊಂಡ."

"ಜೇಬಲ್ಲಿ ಇಟ್ಟುಬಿಡೋಣಮ್ಮ," ಎಂದಳು ಮಗಳು. "ನಾಲ್ಕು ಗಂಟೆಗೆ ಗಾಡಿ ಬರುತ್ತೆ."

"ಜೇಬಲ್ಲಿ ಇಡೋಕೆ ಅದೇನು ಬಸ್ ಟಿಕೆಟ್ಟಾ?"

"ಹಾಗಾದ್ರೆ ಹಿಂದುಗಡೆ ಸ್ವಲ್ಪ ಕತ್ತರಿಸಿ ಅಗಲ ಮಾಡಿದ್ರೆ?"

ಟೈಲರಮ್ಮ ಮಗಳನ್ನು ದುರುಗುಟ್ಟಿ ನೋಡಿದಳು. ಕತ್ತರಿಸಿದ ಉಂಗುರ ಹಾಕಿ ಗಂಡನನ್ನು ಕಳಿಸುವುದೇ? ನಲವತ್ತೊಂದು ವರ್ಷ ಅವನ ಕೈ ಬೋಳಾಗಿತ್ತು. ಮಣ್ಣಿಗೆ ಹೋಗುವಾಗಲಾದರೂ ಇವನಿಗೊಬ್ಬಳು ಹೆಂಡತಿಯಿದ್ದಳು ಎಂದು ಆ ಕೈ ಹೇಳಬೇಕು. ಅವಳಿಗೆ ಇವತ್ತು ಬೇಕಾಗಿದ್ದುದು ಅದೊಂದೇ.

ಹೊಲಿಗೆಯ ಮಷೀನನ್ನು ಮೂಲೆಗೆ ತಳ್ಳಿ ನಡುಮನೆಯಲ್ಲಿ ಜಾಗ ಮಾಡಿದ್ದರು. ಗೋಡೆಗೆ ತಾಗಿಸಿ ಹಾಕಿದ್ದ ಕುರ್ಚಿಗಳಲ್ಲಿ ಬೀದಿಯವರು ಕೂತಿದ್ದರು. ಎದುರುಮನೆಗೆ ಹೊಸದಾಗಿ ಬಂದ ಮೇಷ್ಟರು ಪಕ್ಕದವನನ್ನು ಮೆಲ್ಲಗೆ ಕೇಳಿದರು: "ಇವರನ್ನ ಲೇತ್ ಮೇಸ್ತ್ರಿ ಅಂತೀರಲ್ಲ, ಆ ಲೇತಲ್ಲಿ ಏನು ಮಾಡ್ತಾರೆ?"

"ಏನು ಮಾಡಲ್ಲ ಅಂತ ಕೇಳಿ," ಎಂದ ನೀರಿನ ಪಂಪಿನವನು. "ನಮ್ಮ ಪಂಪಿನ ಶಾಫ್ಟು ಮೂರು ಸಲ ಅವರೇ ಮಾಡಿಕೊಟ್ಟಿದ್ದು. ನೀವು ಬೆಳಿಗ್ಗೆ ಮುಖ ತೊಳೆದದ್ದು ಅದರ ಪುಣ್ಯದಿಂದ."

"ನನ್ನ ಹಿಟ್ಟು ನಾದೋ ಯಂತ್ರದ ಪಿನ್ನು," ಎಂದ ಬೇಕರಿಯವನು.

"ಬೋಲ್ಟಿಗೆ ತಿರುಪಿನ ಗೆರೆ ಹಾಕೋದು, ಅಚ್ಚಿನ ಸುತ್ತ ಸವೆದ ಬುಷ್ಷು ಬದಲಿಸೋದು, ತೂತು ದೊಡ್ಡದು ಮಾಡೋದು," ಎಂದು ನಿವೃತ್ತ ಡ್ರೈವರ್ ಬೆರಳು ಮಡಿಚಿದ. "ನನ್ನ ಬಸ್ಸಿನೊಳಗೆ ಮೇಸ್ತ್ರಿ ಮಾಡಿದ್ದು ಎಷ್ಟಿತ್ತೋ, ಕಂಪನಿ ಮಾಡಿದ್ದೂ ಅಷ್ಟೇ ಇತ್ತು!"

ಯಾರೋ ನಕ್ಕರು, ನಕ್ಕು ನಾಚಿದರು. ಟೈಲರಮ್ಮನಿಗೆ ಮಾತ್ರ ನಗು ಬರಲಿಲ್ಲ. ಪಿನ್ನು, ಬುಷ್ಷು, ಶಾಫ್ಟು. ಅವಳು ಹೊಲಿದದ್ದನ್ನು ಜನ ತೊಟ್ಟು ಬೀದಿಯಲ್ಲಿ ಓಡಾಡುತ್ತಿದ್ದರು. ಇವನು ಮಾಡಿದ್ದೆಲ್ಲ ಬೇರೆ ಯಾವುದರದೋ ಹೊಟ್ಟೆಯೊಳಗೆ ಸೇರಿ ಮರೆಯಾಗಿತ್ತು.

*

ಮದುವೆಯಾದ ಐದನೆಯ ದಿನ ಅವನು ಕೆಲಸಕ್ಕೆ ಹೊರಟಾಗ ಉಂಗುರ ಬಿಚ್ಚಿ ಅವಳ ಕೈಗೆ ಕೊಟ್ಟಿದ್ದ.

"ಯಾಕ್ರೀ?"

"ಮಷೀನಿಗೆ ಉಂಗುರ ಕಂಡ್ರೆ ಆಗಲ್ಲ ಕಣೇ."

"ಓಹೋ! ಅದೇನು ನಿಮ್ಮ ಮೊದಲನೇ ಹೆಂಡ್ತಿನಾ?"

ಅವನು ಮೀಸೆಯಡಿಯಲ್ಲೇ ನಕ್ಕು ಹೊರಟುಬಿಟ್ಟ. ಎರಡು ಮಾತು ಆಡಬೇಕಾದ ಕಡೆ ಅರ್ಧ ಮಾತಾಡುವ ಗಂಡಸು. ಸಂಜೆ ಬಂದವನು ಅದನ್ನು ಮರಳಿ ಕೇಳುತ್ತಾನೆಂದು ಕಾದಳು. ಕೇಳಲಿಲ್ಲ; ಬೆಳಿಗ್ಗೆ ಮತ್ತೆ ಬಿಚ್ಚಬೇಕಲ್ಲ ಎಂದ. ಅವಳು ಸಿಟ್ಟಿನಲ್ಲಿ ಉಂಗುರವನ್ನು ಗುಂಡಿಗಳ ಡಬ್ಬಿಗೆ ಎಸೆದಳು. ಅಂಗಿ ಗುಂಡಿಗಾಗಿ ಕೈ ಹಾಕಿದಾಗಲೆಲ್ಲ ಅದು ಬೆರಳಿಗೆ ಸಿಗುತ್ತಿತ್ತು, ಅವಳಿಗೆ ಮತ್ತೆ ಮೂಗಿನ ತುದಿಗೆ ಕೋಪ ಬರುತ್ತಿತ್ತು.

ಹಾಗೆಂದು ಸಂಸಾರವೇನೂ ಕೆಟ್ಟಿರಲಿಲ್ಲ. ಕೆಲಸದ ಶೆಡ್ಡು ಐದು ಮನೆ ಆಚೆಗಿತ್ತು. ಮಷೀನಿನ ಗುಂಯ್ ಎನ್ನುವ ಸದ್ದು ಅವಳಿದ್ದಲ್ಲಿಗೆ ಕೇಳುತ್ತಿತ್ತು. ಸದ್ದು ನಿಂತರೆ ಅವಳು ಒಲೆಯ ಮೇಲೆ ಚಹಾದ ನೀರಿಡುವಳು. ನೀರು ಕುದಿಯುವ ಹೊತ್ತಿಗೆ ಬಾಗಿಲಲ್ಲಿ ಅವನ ಚಪ್ಪಲಿ ಸದ್ದಾಗುವುದು. ಒಂದು ದಿನವೂ ಈ ಲೆಕ್ಕ ತಪ್ಪಿರಲಿಲ್ಲ. ಈಗ ನೆನೆದರೆ ಎಂಥ ಚೆಂದದ ಸಂಜೆಗಳು ಅವು! ಆಗ ಅವಳಿಗೆ ಹಾಗೆ ಅನ್ನಿಸಿರಲಿಲ್ಲ.

*

ಎರಡು ಗಂಟೆಗೆ ಶಿಷ್ಯ ಬಂದ. ಐವತ್ತು ದಾಟಿದವನು, ಮೇಸ್ತ್ರಿಯ ಕೈಕೆಳಗೆ ಪಳಗಿದವನು. ಎಡಗೈಯ ಉಂಗುರದ ಬೆರಳು ಮಷೀನಿಗೆ ಹೋಗಿದ್ದರಿಂದ ಬೀದಿಯವರೆಲ್ಲ ಅವನನ್ನು 'ಒಂಬತ್ತು' ಎಂದೇ ಕರೆಯುತ್ತಿದ್ದರು, ಅವನೂ ಓಗೊಡುತ್ತಿದ್ದ. ಅವನ ಹೆಂಡತಿ ಬೆಳಿಗ್ಗೆಯಿಂದಲೇ ಬಂದು ಹೆಣದ ಕಾಲಬಳಿ ಕೂತು ಅಳುತ್ತಿದ್ದಳು.

ಟೈಲರಮ್ಮ ಅವನಿಗೆ ಕೂರಲೂ ಬಿಡಲಿಲ್ಲ. "ಏನಪ್ಪಾ, ನಿಮ್ಮ ಮಷೀನಲ್ಲಿ ತೂತು ದೊಡ್ಡದು ಮಾಡ್ತಾರಂತಲ್ಲ. ಇದನ್ನ ಮಾಡಿಕೊಡು."

ಒಂಬತ್ತು ಉಂಗುರವನ್ನು ನೋಡಿದ, ಗುರುವಿನ ಬೆರಳನ್ನು ನೋಡಿದ. ಜೇಬಿನಿಂದ ಅಳತೆಯ ಕೈವಾರ ತೆಗೆದು ಬೆರಳಿನ ಗಂಟನ್ನು ಮೆತ್ತಗೆ ಅಳೆದ, ನೋಯಿಸಬಾರದು ಎನ್ನುವವನ ಹಾಗೆ. ಆಮೇಲೆ, "ಬನ್ನಿ ಅಕ್ಕ," ಎಂದ.

"ಎಲ್ಲಿಗೆ ಅತ್ತಿಗೆ, ಇವತ್ತು?" ನಾದಿನಿ ಬಾಯಿ ತೆರೆದಳು. ಅಷ್ಟರಲ್ಲಿ ಇಬ್ಬರೂ ಬೀದಿಗೆ ಇಳಿದಾಗಿತ್ತು.

ಶೆಡ್ಡಿನ ಹೊಸ್ತಿಲನ್ನು ಅವಳು ಊಟದ ಡಬ್ಬಿ ಕೊಡಲು ತುಳಿದಿದ್ದಳೇ ಹೊರತು ಒಳಗೆ ಹೋದವಳಲ್ಲ. ಒಳಗೆ ಎಣ್ಣೆಯ ವಾಸನೆ. ಅವನ ಅಂಗಿಯದೇ ವಾಸನೆ. ಒಬ್ಬ ಮನುಷ್ಯ ಮಲಗುವಷ್ಟು ಉದ್ದದ ಕಬ್ಬಿಣದ ಮೈ ಆ ಲೇತಿಗೆ. ಎಡತುದಿಯಲ್ಲಿ ಮೂರು ದವಡೆಯ ದುಂಡನೆಯ ಹಿಡಿಕೆ.

"ಇದು ಚಕ್ಕು. ಕಬ್ಬಿಣಾನ ಕಚ್ಚಿ ಹಿಡ್ಕೊಂಡು ತಿರುಗಿಸುತ್ತೆ," ಎಂದ ಒಂಬತ್ತು. "ಇದು ಉಳಿ. ಬಡಗಿ ಉಳಿ ಹಿಡ್ಕೊಂಡು ಮರದ ಸುತ್ತ ಓಡಾಡ್ತಾನಲ್ಲ, ಇಲ್ಲಿ ಉಲ್ಟಾ. ಕಬ್ಬಿಣ ತಿರುಗುತ್ತೆ, ಉಳಿ ಅದರ ಹತ್ತಿರ ಮೆಲ್ಲಗೆ ಹೋಗುತ್ತೆ. ಹೊರಗಿಂದ ಹೆರೆದ್ರೆ ತೆಳ್ಳಗಾಗುತ್ತೆ. ಒಳಗಿಂದ ಹೆರೆದ್ರೆ ತೂತು ದೊಡ್ಡದಾಗುತ್ತೆ. ಗುಂಡಗಿರೋದು ಏನೇ ಇರಲಿ ಅಕ್ಕ, ಒಂದಲ್ಲ ಒಂದು ಲೇತಿನ ಮುಂದೆ ನಿಂತು ಬಂದಿರುತ್ತೆ. ನಿಮ್ಮ ಹೊಲಿಗೆ ಮಷೀನಿನ ಚಕ್ರದ ಒಳಗಿನ ಬುಷ್ಷು ಕೂಡ. ಅದನ್ನ ಮೇಸ್ತ್ರಿ ನಾಲ್ಕು ಸಲ ಬದಲಿಸಿದ್ದಾರೆ."

"ನನಗೆ ಹೇಳೇ ಇಲ್ಲ."

"ಅವರು ಯಾವುದನ್ನ ಹೇಳ್ತಿದ್ರು?"

ಅವನು ಚಿನ್ನದ ಉಂಗುರದ ದಪ್ಪ ಅಳೆದು ತಲೆಯಾಡಿಸಿದ. "ಇದು ಆಗಲ್ಲ. ತೀರಾ ತೆಳು. ಒಳಗಿಂದ ಹೆರೆದ್ರೆ ಏನೂ ಉಳಿಯಲ್ಲ. ಲೇತ್ ತೆಗೆಯುತ್ತೆ ಅಷ್ಟೇ, ಸೇರಿಸೋದು ಅದಕ್ಕೆ ಗೊತ್ತಿಲ್ಲ."

"ನಮ್ಮಲ್ಲಿ ಬಿಗಿಯಾದ್ರೆ ಹೊಲಿಗೆ ಬಿಚ್ಚಿ ಒಳಗಿನ ಬಟ್ಟೆ ಬಿಡ್ತೀವಿ."

"ನಮ್ಮಲ್ಲಿ ಒಳಗೆ ಮಡಿಚಿಟ್ಟಿರೋದು ಏನೂ ಇರಲ್ಲ." ಅವನು ಮೂಲೆಯಿಂದ ಹಿತ್ತಾಳೆಯ ಸರಳಿನ ತುಂಡೊಂದನ್ನು ಎತ್ತಿಕೊಂಡ. "ಹೊಸದು ಮಾಡೋಣ. ಹಿತ್ತಾಳೆ ಪರವಾಗಿಲ್ವಾ?"

"ನಾನೇ ಮಾಡ್ತೀನಿ. ನೀನು ತೋರಿಸು."

ಒಂಬತ್ತು ಅವಳ ಮುಖವನ್ನೇ ನೋಡಿ, "ಹಾಗಾದ್ರೆ ನಿಮ್ಮ ಕೈಯಲ್ಲಿರೋದನ್ನ ಬಿಚ್ಚಿ," ಎಂದ.

ಅವಳು ಕೈಯನ್ನು ಹಿಂದಕ್ಕೆ ಎಳೆದುಕೊಂಡಳು. ಮದುವೆಯ ದಿನದಿಂದ ಒಮ್ಮೆಯೂ ಬಿಚ್ಚದ ಉಂಗುರ. ಹೆರಿಗೆಯಲ್ಲಿ ನರ್ಸು ಬೈದರೂ ಬಿಚ್ಚಿರಲಿಲ್ಲ. "ಅವರನ್ನ ಇನ್ನೂ ಮಣ್ಣಿಗೇ ಇಟ್ಟಿಲ್ಲ. ಇವತ್ತು ಬಿಚ್ಚಬೇಕಾ?"

"ಇಲ್ಲಾಂದ್ರೆ ಮಷೀನು ಮುಟ್ಟಬೇಡಿ. ಮೇಸ್ತ್ರಿ ಇದ್ದಿದ್ರೂ ಬಿಡ್ತಿರಲಿಲ್ಲ."

"ಅದೊಂದು ನೆಪ ನಿಮ್ಮ ಮೇಸ್ತ್ರಿಗೆ."

ಅವನು ಎಡಗೈಯನ್ನು ಅವಳ ಮುಂದೆ ಚಾಚಿ ಹಿಡಿದ. ನಡುವೆ ಒಂದು ಮೋಟು.

"ಮದುವೆಯಾಗಿ ಎಂಟು ದಿನ ಆಗಿತ್ತಕ್ಕ. ಬೆಳಿಗ್ಗೆ ಬಂದ ಕೂಡಲೇ ಉಂಗುರ ಬಿಚ್ಚು ಅಂದ್ರು. ಹೂಂ ಅಂದೆ, ಬಿಚ್ಚಲಿಲ್ಲ. ತಿರುಗೋ ಚಕ್ಕಿನ ಮೂಲೆಗೆ ಉಂಗುರ ಸಿಕ್ಕಿತು. ಉಂಗುರ ಬಿಡಲಿಲ್ಲ, ಬೆರಳು ಬಿಡ್ತು."

"ಉಳಿ ಮುರಿದು ಸಿಡೀತು ಅಂತ ಅಲ್ವಾ ಹೇಳಿದ್ದು?"

"ಅದು ಮೇಸ್ತ್ರಿ ಕಟ್ಟಿದ ಕತೆ. ಉಂಗುರ ತೊಡಿಸಿದವಳು ನನ್ನ ಹೆಂಡ್ತಿ. ತಾನು ತೊಡಿಸಿದ್ದೇ ಗಂಡನ ಬೆರಳು ತಿಂತು ಅಂತ ಗೊತ್ತಾದ್ರೆ ಆ ಹುಡುಗಿ ಬದುಕಿರೋವರೆಗೂ ಕೊರಗ್ತಾಳೆ ಅಂದ್ರು. 'ನಿನ್ನ ಮನೇಲೂ ಹೇಳಬೇಡ, ನಾನೂ ನನ್ನ ಮನೇಲಿ ಹೇಳಲ್ಲ. ನಮ್ಮವಳು ಅಳತೆ ತಗೊಳ್ಳುವಾಗ ಬಾಯಿ ಸುಮ್ಮನಿರಲ್ಲ' ಅಂದ್ರು." ಒಂಬತ್ತು ಮೂಗು ಒರೆಸಿಕೊಂಡ. "ನನ್ನವಳಿಗೆ ಇವತ್ತಿಗೂ ಗೊತ್ತಿಲ್ಲ. ಇಪ್ಪತ್ತಾರು ವರ್ಷ ಆಯ್ತು."

*

ಇಪ್ಪತ್ತಾರು ವರ್ಷ. ಹಾಗಾದರೆ ಡ್ರೈವರನ ಮಗಳ ಮದುವೆಯ ಊಟ ಅದಾದ ಮೇಲಿನದು.

ಉದ್ದನೆಯ ಮೇಜಿನ ಈಚೆ ಬದಿಗೆ ತಾವಿಬ್ಬರು, ಆಚೆ ಬದಿಗೆ ಒಂಬತ್ತು ಮತ್ತು ಅವನ ಹೆಂಡತಿ. ಯಾರೋ ಉಂಗುರದ ಮಾತು ತೆಗೆದರು. ಟೈಲರಮ್ಮ ಗಂಡನ ಕೈಯನ್ನು ಎತ್ತಿ ಹಿಡಿದು ಎಲ್ಲರಿಗೂ ತೋರಿಸಿದಳು. "ನೋಡಿ, ನಮ್ಮ ಮನೆಯವರಿಗೆ ಮದುವೆಯಾಗಿದೆ, ಇವರ ಬೆರಳು ಮಾತ್ರ ಇನ್ನೂ ಬ್ರಹ್ಮಚಾರಿ!"

ಮೇಜಿಗೆ ಮೇಜೇ ಬಿದ್ದುಬಿದ್ದು ನಕ್ಕಿತು. ಒಂಬತ್ತು ನಗಲಿಲ್ಲ, ಕೈಯನ್ನು ಮೇಜಿನಡಿಗೆ ಇಳಿಸಿಕೊಂಡ. ಗಂಡನ ಬಾಯಲ್ಲಿ ಒಂದೇ ಒಂದು ಮಾತಿತ್ತು, ಅದನ್ನು ಆಡಿದ್ದರೆ ಅವಳ ಬಾಯಿ ಜನ್ಮಕ್ಕೆ ಮುಚ್ಚುತ್ತಿತ್ತು. ಎದುರಿಗೆ ಕೂತಿದ್ದ ಆ ಎಳೆಯ ಹೆಂಡತಿಯನ್ನು ಅವನು ಒಮ್ಮೆ ನೋಡಿದ.

"ಮೊಂಡ ಬೆರಳು, ಏನ್ಮಾಡ್ಲಿ," ಎಂದು ತಾನೂ ನಕ್ಕು, ನೀರಿನ ಲೋಟ ಎತ್ತಿಕೊಂಡ.

ಆಮೇಲೂ ಅವಳು ಆ ತಮಾಷೆಯನ್ನು ಎಷ್ಟು ಕಡೆ ಹೇಳಿದ್ದಳೋ! ಪ್ರತಿ ಸಲವೂ ಅವನು ತುಟಿ ಪಿಟಕ್ಕೆನ್ನದೆ ಹೊಟ್ಟೆಗೆ ಹಾಕಿಕೊಂಡಿದ್ದ.

*

ಟೈಲರಮ್ಮ ಎಣ್ಣೆಯ ಡಬ್ಬಿಯಲ್ಲಿ ಬೆರಳದ್ದಿ ತನ್ನ ಉಂಗುರವನ್ನು ಬಿಚ್ಚಿದಳು. ತಿರುಗಿಸಿ ತಿರುಗಿಸಿ, ಚರ್ಮ ಕೆಂಪಾದ ಮೇಲೆ ಅದು ಬಂತು. ಎರಡೂ ಉಂಗುರಗಳನ್ನು ಕಿಟಕಿಯ ದಂಡೆಯ ಮೇಲೆ ಒಟ್ಟಿಗೆ ಇಟ್ಟಳು. ಬೋಳು ಕೈ ಎಂದರೆ ಹೆಂಡತಿಯನ್ನು ಮರೆತ ಕೈ ಎಂದುಕೊಂಡಿದ್ದಳು. ಈಗ ತನ್ನದೇ ಬೋಳಾದ ಕೈಯಲ್ಲಿ ಅವನು ಒಂದಿಷ್ಟೂ ಕಡಿಮೆಯಾಗಿರಲಿಲ್ಲ.

ಒಂಬತ್ತು ಹಿತ್ತಾಳೆಯನ್ನು ಚಕ್ಕಿನ ದವಡೆಗೆ ಕೊಟ್ಟು ಬಿಗಿದ. ಗುಂಯ್ ಎಂದು ಸದ್ದೆದ್ದಿತು. ಐದು ಮನೆ ಆಚೆ ಕುರ್ಚಿಗಳಲ್ಲಿ ಕೂತವರೆಲ್ಲ ಮಾತು ನಿಲ್ಲಿಸಿದರಂತೆ, ನಾದಿನಿ "ಅಣ್ಣನ ಮಷೀನು" ಎಂದು ಎದ್ದು ನಿಂತಳಂತೆ. ಮಗಳು ಆಮೇಲೆ ಹೇಳಿದಳು.

ಅವನು ಸರಳಿನ ಮುಖ ಸಮ ಮಾಡಿದ, ನಡುವೆ ತೂತು ಕೊರೆದ, ಹೊರಮೈಯನ್ನು ಹೊಳೆಯುವಂತೆ ಹೆರೆದ. ಸಣ್ಣ ಉಳಿಯನ್ನು ತೂತಿನೊಳಗೆ ಹೋಗುವಂತೆ ಕಟ್ಟಿ, ಅವಳ ಕೈಯನ್ನು ಹ್ಯಾಂಡಲಿನ ಮೇಲೆ ಇರಿಸಿದ. ಹ್ಯಾಂಡಲಿನ ಸುತ್ತ ಸಣ್ಣ ಗೆರೆಗಳಿದ್ದವು. "ಒಂದೊಂದೇ ಗೆರೆ ತಿರುಗಿಸಿ, ಉಳಿನ ಒಳಗೆ ಬಿಟ್ಟು ಹೊರಗೆ ತನ್ನಿ. ತೂತು ಇನ್ನು ಹತ್ತು ಗೆರೆ ಅಗಲ ಆದ್ರೆ ಮೇಸ್ತ್ರಿ ಗಂಟು ದಾಟುತ್ತೆ. ನಾನು ತುಂಡರಿಸೋ ಉಳಿ ಸಾಣೆ ಹಿಡೀತೀನಿ."

ಒಂದು. ಹಳದಿ ಪುಡಿ ಸಣ್ಣಗೆ ಚಿಮ್ಮಿತು. ಎರಡು. ಹ್ಯಾಂಡಲಿನ ಕಬ್ಬಿಣ ಒಂದು ಕಡೆ ಸವೆದು ತಗ್ಗಾಗಿತ್ತು. ಅವಳ ಹೆಬ್ಬೆರಳು ಆ ತಗ್ಗಿಗೇ ಹೋಗಿ ಕೂತಿತು. ನಲವತ್ತು ವರ್ಷ ಅವನ ಹೆಬ್ಬೆರಳು ಕೂತ ಜಾಗ. ಅವಳಿಗೆ ಕಣ್ಣು ಮಂಜಾಯಿತು, ಆದರೂ ಎಣಿಕೆ ತಪ್ಪಲಿಲ್ಲ. ಹತ್ತನೆಯದು ಮುಗಿಸಿ, "ಆಯ್ತು," ಎಂದಳು.

ಒಂಬತ್ತು ಬಂದು ಕೈವಾರ ಹಾಕಿ ನೋಡಿ, ಹಣೆ ಚಚ್ಚಿಕೊಂಡ. "ತಪ್ಪು ನಂದೇ ಅಕ್ಕ. ತೂತು ಜಾಸ್ತಿ ಅಗಲ ಆಗಿಹೋಯ್ತು, ಐದೇ ಗೆರೆ ತಿರುಗಿಸಬೇಕಿತ್ತು. ಸರಳು ತಿರುಗ್ತಾ ಇರುತ್ತಲ್ಲ, ಒಂದು ಗೆರೆ ಹೆರೆದ್ರೆ ಆ ಬದಿಗೊಂದು ಈ ಬದಿಗೊಂದು, ಎರಡು ಗೆರೆ ಹೋಗುತ್ತೆ. ಹೊಸಬರೆಲ್ಲ ಮಾಡೋ ತಪ್ಪು. ಮೇಸ್ತ್ರಿನೂ ಮೊದಲನೇ ದಿನ ಇದನ್ನೇ ಮಾಡಿದ್ರಂತೆ."

"ಅವರೂ ಮಾಡಿದ್ರಾ?"

"ಅವರೇ ಹೇಳಿ ನಗ್ತಿದ್ರು. ಇರಿ, ಇನ್ನೊಂದು ಮಾಡೋಣ."

ಬೀದಿಯಲ್ಲಿ ಗಾಡಿಯ ಹಾರನ್ ಕೇಳಿಸಿತು.

"ಬೇಡ," ಎಂದಳು. "ಇದನ್ನೇ ತುಂಡರಿಸಿ ಕೊಡು. ಅವರು ಮಾಡಿದ ತಪ್ಪೇ ನಾನೂ ಮಾಡಿದ್ದೀನಿ, ಅವರಿಗೆ ನಡೆಯುತ್ತೆ."

ಮನೆಗೆ ಬಂದಾಗ ಹೊರುವವರು ತೋಳು ಮಡಿಚಿ ನಿಂತಿದ್ದರು. ಟೈಲರಮ್ಮ ನೆಲದ ಮೇಲೆ ಕೂತು ಗಂಡನ ಕೈ ಎತ್ತಿಕೊಂಡಳು. ಹಿತ್ತಾಳೆಯ ಉಂಗುರ ಗಂಟನ್ನು ದಾಟಿ, ಬೆರಳ ಬುಡಕ್ಕೆ ಇಳಿಯಿತು.

"ಅಂತೂ ಗೆದ್ದೆ ಅತ್ತಿಗೆ," ಎಂದಳು ನಾದಿನಿ. "ಸತ್ತ ಮೇಲೂ ನಮ್ಮಣ್ಣನ್ನ ಬಿಡಲಿಲ್ಲ."

ಒಂಬತ್ತಿನ ಹೆಂಡತಿ ಅತ್ತು ಊದಿದ ಮುಖ ಎತ್ತಿದಳು. "ಯಾಕಕ್ಕಾ ಇಷ್ಟೊಂದು ಹಠ? ಪಾಪ, ಮೇಸ್ತ್ರಿ ಯಾಕೆ ಹಾಕ್ಕೋತಿರಲಿಲ್ಲ ಅಂತ ಕೊನೆಗೂ ಗೊತ್ತಾಗಲೇ ಇಲ್ಲವಲ್ಲ."

ಬಾಗಿಲ ಬಳಿ ಒಂಬತ್ತು ತಲೆ ತಗ್ಗಿಸಿದ. ಮಾತು ಟೈಲರಮ್ಮನ ನಾಲಿಗೆಯ ತುದಿಗೇ ಬಂದಿತ್ತು. ಇಡೀ ಬೀದಿ ಕೂತಿದೆ, ಒಂದು ಮಾತು ಆಡಿದರೆ ಗಂಡನ ಮೇಲೆ ತಾನೇ ಹೊರಿಸಿದ್ದೆಲ್ಲ ಇಳಿದುಹೋಗುತ್ತದೆ. ಅವಳು ಆ ಹೆಣ್ಣಿನ ಮುಖ ನೋಡಿದಳು.

"ಮೊಂಡ ಬೆರಳು ಕಣಮ್ಮ," ಎಂದಳು. "ನನ್ನದೂ ಮೊಂಡು ಹಠ. ಅಷ್ಟೇ."

ನಾಲ್ಕಾರು ಜನ ಮೆಲ್ಲಗೆ ನಕ್ಕರು. ಆ ನಗು ತನ್ನ ಮೈಮೇಲೆ ಬೀಳಲು ಅವಳು ಬಿಟ್ಟಳು. ಅವನು ಇದನ್ನು ಇಪ್ಪತ್ತಾರು ವರ್ಷ ತಡೆದುಕೊಂಡಿದ್ದ.

ಕೈಯನ್ನು ಎದೆಯ ಮೇಲೆ ಇಡಹೋದಾಗ ಉಂಗುರ ಜಾರಿ ಮತ್ತೆ ಗಂಟಿನ ಬಳಿಗೆ ಉರುಳಿತು. "ಬಿದ್ದುಹೋಗುತ್ತಮ್ಮ," ಎಂದಳು ಮಗಳು.

"ದಾರ ಕೊಡು."

ಮೂಲೆಯ ಮಷೀನಿನ ಮೇಲಿದ್ದ ಬಿಳಿ ದಾರದ ಉಂಡೆಯನ್ನು ಮಗಳು ತಂದುಕೊಟ್ಟಳು. ಟೈಲರಮ್ಮ ಉಂಗುರದ ಅಂಗೈಬದಿಗೆ ದಾರ ಸುತ್ತತೊಡಗಿದಳು. ಸುತ್ತಿನ ಪಕ್ಕಕ್ಕೆ ಸುತ್ತು, ಸುತ್ತಿನ ಮೇಲೆ ಸುತ್ತು, ಹಿತ್ತಾಳೆ ಬಿಟ್ಟ ಜಾಗ ತುಂಬುವವರೆಗೆ. ಉಂಗುರ ಅಲುಗದೆ ಕೂತಿತು. ಗಂಟು ಹಾಕಿ ಬಿಗಿದಳು. ಹೊರುವವರು ಬಾಗಿ ಸಿದ್ಧರಾದರು. ಮಗಳು ಗಡಿಬಿಡಿಯಿಂದ ಕತ್ತರಿ ಹುಡುಕುತ್ತಿದ್ದಳು. ಟೈಲರಮ್ಮ ಅದು ಸಿಗುವ ತನಕ ಕಾಯಲಿಲ್ಲ. ಅವನ ಕೈಯ ಮೇಲೆ ಬಾಗಿ, ತುಟಿ ಬೆರಳಿಗೆ ತಾಗುವಷ್ಟು ಹತ್ತಿರ ಮುಖ ತಂದು, ದಾರವನ್ನು ಹಲ್ಲಿನಿಂದ ಕಡಿದಳು.