ಹಣ್ಣು ಕೆಂಪಾದವರ ಸಾಲು

ಬೆಟ್ಟಗಳಿಗೆ ಇನ್ನೂ ಯಾರೂ ಹೆಸರಿಡದಿದ್ದ ಕಾಲದಲ್ಲಿ ಒಬ್ಬ ಕಬ್ಬಿಣದ ಕೆಲಸದವನಿದ್ದನಂತೆ. ಅವನ ನಾಲಿಗೆಗೆ ‘ಇಲ್ಲ’ ಎನ್ನುವ ಮಾತೇ ಬರುತ್ತಿರಲಿಲ್ಲ. ನೇಗಿಲು ಕೇಳಿದ ರೈತನಿಗೂ ಆಯ್ತು, ಕತ್ತಿ ಕೇಳಿದ ರಾಜನಿಗೂ ಆಯ್ತು, ಚಂದ್ರನಿಗೊಂದು ಬಳೆ ಬೇಕೆಂದು ಬಂದ ಹುಚ್ಚನಿಗೂ ಆಯ್ತು. ಯಾವಾಗ ಎಂದು ಕೇಳಿದರೆ ಆಕಾಶ ನೋಡಿ, “ಮಳೆ ಬಿಡಲಿ” ಎನ್ನುತ್ತಿದ್ದ. ಕೇಳಿದವರು ಕಾದರು, ಕಾದವರು ಮುದುಕರಾದರು. ಮಳೆ ಮಾತ್ರ ಬಿಡಲಿಲ್ಲ.

“ಆಮೇಲೆ?” ಎಂದು ಪುಟ್ಟ ಗಗನಾ ಕೇಳುತ್ತಿದ್ದಳು.

“ಆಮೇಲೆ ಎಂತ? ಆಲ್ದೂರಲ್ಲಿ ವರ್ಕ್‌ಶಾಪ್ ಹಾಕ್ದ, ಮದುವೆ ಆದ, ನೀನು ಹುಟ್ಟಿದೆ,” ಎಂದು ಅಜ್ಜಿ ಕಲ್ಲಮ್ಮ ಮಗನ ಕಿವಿಗೆ ಬೀಳುವಷ್ಟು ಜೋರಾಗಿಯೇ ಹೇಳಿ ಎಲೆ ಮಡಚುತ್ತಿದ್ದಳು.

ಆ ಮಗ ಚಂದ್ರಶೇಖರಪ್ಪ. ಬಸ್‌ಸ್ಟ್ಯಾಂಡಿನ ಹಿಂದಿನ ಅವರ ವರ್ಕ್‌ಶಾಪಿನಲ್ಲಿ ತಯಾರಾಗುವುದು ಪಲ್ಪರ್. ಮೇಲಿನಿಂದ ಕಾಫಿ ಹಣ್ಣು ಸುರಿದು ಚಕ್ರ ತಿರುಗಿಸಿದರೆ ಸಿಪ್ಪೆ ಒಂದು ಕಡೆಗೆ, ಬೀಜ ಇನ್ನೊಂದು ಕಡೆಗೆ. ಕೊಯ್ದ ಹಣ್ಣನ್ನು ಅದೇ ಸಂಜೆ ಪಲ್ಪರಿಗೆ ಹಾಕಬೇಕು, ಇಲ್ಲದಿದ್ದರೆ ಹುಳಿ ಬರುತ್ತದೆ. ಅವರ ಪಲ್ಪರಿನಲ್ಲಿ ಒಂದು ಬೀಜಕ್ಕೂ ಗಾಯವಾಗುವುದಿಲ್ಲ ಎಂದು ಸುತ್ತಲ ತೋಟದವರೆಲ್ಲ ಹೇಳುತ್ತಿದ್ದರು. ಹೇಳಿದ ದಿನಕ್ಕೆ ಸಿಕ್ಕಿತು ಎಂದು ಮಾತ್ರ ಒಬ್ಬರೂ ಹೇಳಿದ್ದಿಲ್ಲ. ಬಂದ ಆರ್ಡರನ್ನೆಲ್ಲ ಅವರು ರೋಲಿಂಗ್ ಶಟರಿನ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದರು. ಬೆಳಿಗ್ಗೆ ಶಟರ್ ಎತ್ತಿದ ಕೂಡಲೆ ಆರ್ಡರುಗಳೂ ಸುರುಳಿ ಸುತ್ತಿಕೊಂಡು ಮೇಲಕ್ಕೆ ಹೋಗುತ್ತಿದ್ದವು. ಯಾರಿಗೆ ಏನು ಕೊಡಬೇಕೆಂದು ನೆನಪಾಗುತ್ತಿದ್ದದ್ದು ಸಂಜೆ ಬಾಗಿಲು ಹಾಕುವಾಗಲೇ.

ಈ ವರ್ಷ ಗಗನಾ ಶಟರನ್ನು ಒರೆಸಿಬಿಟ್ಟಳು. ಇಂಟರ್‌ನೆಟ್ಟಿನಲ್ಲೇ ನಡೆಯುವ ಒಂದು ವ್ಯವಸ್ಥೆಯನ್ನು ತಂದು ಕೂರಿಸಿದಳು. ತೋಟದವರು ಮನೆಯಲ್ಲೇ ಕೂತು ಮೊಬೈಲಿನಲ್ಲಿ ಆರ್ಡರ್ ಹಾಕಬಹುದು. ಡ್ರಮ್ ಆಯಿತೇ, ತಗಡು ಕೂತಿತೇ, ಬಣ್ಣ ಬಿತ್ತೇ ಎಂದು ನೋಡಬಹುದು. ಹೇಳಿದ ತಾರೀಕು ಬಂದ ಬೆಳಿಗ್ಗೆ ಪಲ್ಪರ್ ಸಿದ್ಧ ಎಂಬ ಮೆಸೇಜು ತಾನಾಗಿಯೇ ಹೋಗುತ್ತದೆ. ಅವಳ ಕಣ್ಣಿಗೆ ಅದು ಅಜ್ಜಿಯ ಕಥೆಯ ಗಿಳಿಯ ಹಾಗೆ. ಏಳು ಸಮುದ್ರದಾಚೆ ಕೂತು ಇಲ್ಲಿಯ ಸುದ್ದಿ ಹೇಳುವ ಗಿಳಿ.

ಆ ಗಿಳಿಯನ್ನು ನಂಬಿಯೇ ಅವಳು ಒಂದು ಮಾತು ಕೊಟ್ಟಿದ್ದಳು. ಬಣಕಲ್ಲಿನ ಮುದ್ದಮ್ಮನಿಗೆ ಇರುವುದು ಮನೆ ಹಿಂದಿನ ಸಣ್ಣ ತೋಟ. ಹೋದ ವರ್ಷ ಪಲ್ಪರ್ ಕೈಗೆ ಬರುವಷ್ಟರಲ್ಲಿ ಕೊಯ್ಲೇ ಮುಗಿದಿತ್ತು. ಒಳ್ಳೇ ಹಣ್ಣನ್ನೆಲ್ಲ ಸಿಪ್ಪೆ ಸಮೇತ ಒಣಗಿಸಿ ಸಿಕ್ಕಿದ ಬೆಲೆಗೆ ಕೊಟ್ಟಳು. ಆ ಮಿಷನ್ ಮುಟ್ಟುವುದಿಲ್ಲವೆಂದು ಹಟ ಹಿಡಿದು ವಾಪಸ್ ಕಳಿಸಿದವಳು ಈ ಶ್ರಾವಣದಲ್ಲಿ ಮತ್ತೆ ಬಂದು ಬಾಗಿಲಲ್ಲಿ ನಿಂತಳು.

“ಕಡೇ ಸಲ ಕೇಳ್ತಿದೀನಿ ಚಂದ್ರಣ್ಣ.”

“ಆಯ್ತಲ್ಲ ಮಾರಾಯ್ತಿ. ಮಳೆ ಬಿಡಲಿ.”

“ಮುದ್ದಮ್ಮಕ್ಕ, ನಿಮ್ಮ ಹಣ್ಣು ಕೊಯ್ಯೋ ದಿನಕ್ಕೆ ಪಲ್ಪರ್ ನಿಮ್ಮ ಅಂಗಳದಲ್ಲಿ ಇರುತ್ತೆ. ಇದು ನನ್ನ ಮಾತು,” ಎಂದಳು ಗಗನಾ.

ಮುದ್ದಮ್ಮ ಹೋದ ಮೇಲೆ ಅಪ್ಪ ನಕ್ಕರು. “ಮಾತು ಕೊಟ್ಟೆ, ಸರಿ. ತಪ್ಪಿದ್ರೆ ಕಂಪ್ಯೂಟರ್ ಅಟ್ಟಕ್ಕೆ, ಸೀಮೆಸುಣ್ಣ ನನ್ನ ಕೈಗೆ. ಒಪ್ಪಿಗೆಯಾ?”

ಒಪ್ಪಿಕೊಂಡಳು.

ದಾರಿ ತಪ್ಪಿದ್ದು ಕಂಪ್ಯೂಟರ್ ಪರದೆಯ ಮೇಲೆ ತಾರೀಕು ತುಂಬುವ ಡಬ್ಬಿಯಲ್ಲಿ. ಗಗನಾ ಅಜ್ಜಿಯ ಕಣ್ಣು ತೋರಿಸಲು ಚಿಕ್ಕಮಗಳೂರಿಗೆ ಹೋದ ದಿನ, ಮಗಳಿಗೆ ಸಹಾಯವಾಗಲಿ ಎಂದು ಚಂದ್ರಶೇಖರಪ್ಪನವರೇ ಕಂಪ್ಯೂಟರ್ ಮುಂದೆ ಕೂತರು. ‘ಯಾವಾಗ ಕೊಡುತ್ತೀರಿ?’ ಎಂದು ಅದು ಕೇಳಿತು. ‘ಮಳೆ ಬಿಡಲಿ’ ಎಂದು ಟೈಪ್ ಮಾಡಿದರು. ಡಬ್ಬಿ ಕೆಂಪಾಯಿತು. ‘ಹಬ್ಬ ಆದ್ಮೇಲೆ’ ಎಂದು ಹೊಡೆದರು. ಇನ್ನೂ ಕೆಂಪು. ಕೊನೆಗೆ ಕ್ಯಾಲೆಂಡರ್ ನೋಡಿ, ದೀಪಾವಳಿ ಮುಗಿದ ಮಾರನೇ ದಿನವನ್ನು ಒತ್ತಿದರು. ಡಬ್ಬಿ ಹಸಿರಾಯಿತು. ಹಸಿರು ಕಂಡ ಖುಷಿಗೆ ಎಲ್ಲ ಆರ್ಡರುಗಳಿಗೂ ಅದನ್ನೇ ಒತ್ತಿ, ಎದ್ದು ಹೋಗಿ ಕಾಫಿ ಕುಡಿದರು. ಈ ಸಂಗತಿಯನ್ನು ಯಾರಿಗೂ ಹೇಳಬೇಕೆಂದು ಅವರಿಗೆ ಅನ್ನಿಸಲಿಲ್ಲ.

ಹಬ್ಬ ಕಳೆದ ಬೆಳಿಗ್ಗೆ ಗಗನಾ ಶಟರ್ ಎತ್ತಿದರೆ ರಸ್ತೆಯುದ್ದಕ್ಕೂ ಜೀಪು, ಪಿಕಪ್ಪು, ಟಿಲ್ಲರು. ಎಲ್ಲರ ಕೈಯಲ್ಲೂ ಮೊಬೈಲು, ಎಲ್ಲ ಮೊಬೈಲಿನಲ್ಲೂ ಒಂದೇ ಮಾತು: ‘ನಿಮ್ಮ ಪಲ್ಪರ್ ಸಿದ್ಧವಾಗಿದೆ, ಬಂದು ಒಯ್ಯಿರಿ.’

ಸಿದ್ಧವಾಗಿದ್ದದ್ದು ಒಂದೇ ಒಂದು. ಅದರ ಮೇಲೆ ‘ಗಾಳಿಗುಡ್ಡ ಎಸ್ಟೇಟ್’ ಎಂದು ಬಿಳಿ ಬಣ್ಣದಲ್ಲಿ ಬರೆದೂ ಆಗಿತ್ತು. ಅತ್ತಿಗುಂಡಿಯ ಆ ತೋಟದ ರೇಣುಕಪ್ರಸಾದ್ ಎಲ್ಲರಿಗಿಂತ ಮೊದಲೇ ಬಂದು, ಪಿಕಪ್ಪನ್ನು ಹಿಂದುಮುಂದಾಗಿ ಬಾಗಿಲಿಗೇ ಒತ್ತಿ ನಿಲ್ಲಿಸಿದ್ದರು.

“ಅಪ್ಪ, ಎಂತ ಮಾಡಿದ್ರಿ?”

“ಅದೇ ಹಸಿರಾಯ್ತಲ್ಲ,” ಎಂದರು ಚಂದ್ರಶೇಖರಪ್ಪ, ಸ್ಪ್ಯಾನರ್ ಒರೆಸುತ್ತ.

ಬಣಕಲ್ಲಿನ ಕಡೆಯ ಬಸ್ಸು ಬಂತು. ಇಳಿದವಳು ಮುದ್ದಮ್ಮ, ಕೈಯಲ್ಲೊಂದು ಪ್ಲಾಸ್ಟಿಕ್ ಕವರು. ಸಾಲು ನೋಡಿದಳು, ಗಗನಾಳನ್ನು ನೋಡಿದಳು, ಹೋಗಿ ಕಟ್ಟೆಯ ಮೇಲೆ ಕೂತಳು. ಬೈದಿದ್ದರೆ ಚೆನ್ನಾಗಿತ್ತು ಎನಿಸಿತು ಗಗನಾಳಿಗೆ.

“ಬಾಡಿಗೆ ಗಾಡಿ ಮಾರಾಯ್ರೆ, ಬೇಗ ಲೋಡ್ ಮಾಡ್ಸಿ,” ಎಂದರು ರೇಣುಕಪ್ರಸಾದ್. “ನನ್ನ ಹಣ್ಣು ಗಿಡದಲ್ಲಿ ಉದುರ್ತಾ ಇದೆ.”

“ನಮ್ಮದೇನು ಗಿಡದಲ್ಲಿ ಊಟ ಮಾಡ್ತಾ ಕೂತಿದ್ಯಾ?” ಎಂದಿತು ಹಿಂದಿನಿಂದ ಒಂದು ದನಿ.

ಗಗನಾಳಿಗೆ ಹೊಳೆದದ್ದು ಆಗ. ತಪ್ಪು ಅಪ್ಪನದೂ ಅಲ್ಲ, ಗಿಳಿಯದೂ ಅಲ್ಲ. ಗಿಳಿಗೆ ಕೇಳಲು ಕಲಿಸಿದ ಪ್ರಶ್ನೆಯೇ ತಪ್ಪು. ಕಾಫಿ ಗಿಡ ಕ್ಯಾಲೆಂಡರ್ ನೋಡಿ ಹಣ್ಣಾಗುತ್ತದೆಯೇ? ಕೆಳಗಿನ ತೋಟದಲ್ಲಿ ಬೇಗ, ಮೇಲಿನ ಬೆಟ್ಟದಲ್ಲಿ ನಿಧಾನ.

ಅವಳು ಅಲ್ಲೇ ಕೂತು ತಾರೀಕಿನ ಡಬ್ಬಿಯನ್ನು ಕಿತ್ತು, ಆ ಜಾಗಕ್ಕೆ ಫೋಟೋ ಹಾಕುವ ಡಬ್ಬಿ ಇಟ್ಟಳು. ಮನೆಯ ಟೀವಿಯನ್ನು ತಂದು ಮೇಜಿನ ಮೇಲೆ ಕೂರಿಸಿದಳು.

“ಎಲ್ಲರೂ ನಿಮ್ಮ ತೋಟದ ಒಂದು ರೆಕ್ಕೆ, ಹಣ್ಣಿರೋ ಒಂದು ಕೊಂಬೆ, ಫೋಟೋ ಕಳ್ಸಿ. ತೋಟಕ್ಕೆ ಫೋನ್ ಮಾಡಿ ತೆಗೆಸಿದ್ರೂ ಆಯ್ತು. ಯಾರದು ಹೆಚ್ಚು ಕೆಂಪೋ ಅವರ ಮಿಷನ್ ಮೊದಲು. ಇಲ್ಲೇ ಎಲ್ಲರೂ ನೋಡಿ ಹೇಳೋಣ.”

ಕಲ್ಲಮ್ಮ ಹಬ್ಬದ ಹೋಳಿಗೆ ಹಂಚಲು ಬಂದವಳು ಟೀವಿ ಮುಂದೆ ಕುರ್ಚಿ ಎಳೆದುಕೊಂಡಳು. ಟೀವಿಯಲ್ಲಿ ರೆಕ್ಕೆಗಳು ಒಂದೊಂದಾಗಿ ಮೂಡಿದವು. ಹಸಿರು, ಹಸಿರು, ಅರೆ ಹಳದಿ. ಆಮೇಲೆ ಕುಂಕುಮ ಚೆಲ್ಲಿದ ಹಾಗೆ ಕೆಂಪು. ಗಾಳಿಗುಡ್ಡದ್ದು.

“ನೋಡಿದ್ರಾ,” ಎಂದು ರೇಣುಕಪ್ರಸಾದ್ ಎದೆ ಉಬ್ಬಿಸಿದರು.

“ಅಲ್ಲಾ ಪ್ರಸಾದ,” ಎಂದಳು ಕಲ್ಲಮ್ಮ, ಹೊಸ ಕನ್ನಡಕ ಏರಿಸುತ್ತ. “ಫೋಟೋದಲ್ಲಿ ಹಿಂದೆ ಗೋಡೆಗೆ ಒರಗಿಸಿದ್ದು ನಿನ್ನ ಹಳೇ ಪಲ್ಪರ್ ಅಲ್ವಾ? ಬೇಸಿಗೆಲೇ ಗುಜರಿಗೆ ಹಾಕ್ದೆ ಅಂದಿದ್ದೆ. ಎದ್ದು ನಡ್ಕೊಂಡು ವಾಪಸ್ ಬಂತಾ ಮಾರಾಯ?”

ವರ್ಕ್‌ಶಾಪಿನ ತಗಡು ಅದುರುವಷ್ಟು ನಗೆ. ರೇಣುಕಪ್ರಸಾದ್ ತಲೆ ಕೆರೆದುಕೊಂಡು, “ಹೋದ ವರ್ಷದ್ದೇ ಒತ್ತಿ ಹೋಯ್ತೇನೋ,” ಎಂದು ತಾವೂ ನಕ್ಕು, ತೋಟದ ಲೆಕ್ಕ ಬರೆಯುವ ರೈಟರಿಗೆ ಫೋನ್ ಮಾಡಿ ಹೊಸದನ್ನು ತರಿಸಿದರು. ಬಟಾಣಿಯಂಥ ಹಸಿರು.

“ನಿಮ್ಮದು, ಮುದ್ದಮ್ಮಕ್ಕ?”

“ನನ್ನ ಫೋನಲ್ಲಿ ಕ್ಯಾಮರಾ ಎಲ್ಲಿಂದ ಬರ್ಬೇಕು?” ಮುದ್ದಮ್ಮ ಕವರು ಬಿಚ್ಚಿದಳು. “ನಿಮ್ಮಪ್ಪನ ಮುಖಕ್ಕೆ ಹಿಡಿಯೋಣ ಅಂತ ತಂದಿದ್ದೆ.” ಒಳಗೊಂದು ರೆಕ್ಕೆ, ಗೆಣ್ಣು ಗೆಣ್ಣಿಗೂ ಹಣ್ಣು. ಒಂದೆರಡು ಆಗಲೇ ಕಳಚಿ ಕವರಿನ ತಳ ಸೇರಿದ್ದವು. “ಇವತ್ತು ಬೆಳಿಗ್ಗೆ ಮುರಿದಿದ್ದು. ಇವತ್ತೇ ಕೊಯ್ಯೋಕೆ ಇಬ್ಬರನ್ನ ಬಿಟ್ಟು ಬಂದಿದೀನಿ. ಸಂಜೆಯೊಳಗೆ ಮಿಷನ್ ಇಲ್ಲ ಅಂದ್ರೆ ಈ ಸಲಾನೂ ಸಿಪ್ಪೆ ಸಮೇತ ಒಣಗ್ಸೋದೇ.”

ಗಗನಾ ಫೋಟೋ ತೆಗೆದಳು. ಟೀವಿ ತುಂಬ ಕೆಂಪು ಹರಡಿತು. ಯಾರೂ ತಕರಾರು ತೆಗೆಯಲಿಲ್ಲ. ಉಳಿದವರು ತಮ್ಮ ತಮ್ಮ ಜಾಗ ನೋಡಿಕೊಂಡು, ಹೋಳಿಗೆ ತಿಂದು, ವಾರಕ್ಕೊಂದು ಫೋಟೋ ಕಳಿಸುತ್ತೇವೆಂದು ಗಾಡಿ ತಿರುಗಿಸಿದರು.

“ಅದರ ಮೇಲೆ ನನ್ನ ಎಸ್ಟೇಟ್ ಹೆಸರಿದೆಯಲ್ಲ,” ಎಂದರು ರೇಣುಕಪ್ರಸಾದ್.

“ಇರಲಿ ಬಿಡಿ,” ಎಂದಳು ಮುದ್ದಮ್ಮ. “ನಿಮ್ಮ ಎಸ್ಟೇಟು ಬಣಕಲ್‌ತನಕ ಬೆಳೀತು ಅಂದ್ಕೊಳ್ಳಿ.”

ಅವರು ಪಿಕಪ್ಪಿನ ಹಿಂದಿನ ಬಾಗಿಲು ತೆರೆದರು. “ಹತ್ತಿ. ಹೇಗೂ ಬಾಡಿಗೆ ಕೊಟ್ಟಾಗಿದೆ. ನನ್ನ ಎಸ್ಟೇಟ್ ನಾನೇ ನೋಡ್ಕೊಂಡು ಬರ್ತೀನಿ.”

ಬಣಕಲ್ಲಿನ ಅಂಗಳಕ್ಕೆ ಪಲ್ಪರ್ ಇಳಿಯುವಾಗ ಕೊಯ್ದ ಹಣ್ಣಿನ ಚೀಲಗಳು ಜಗಲಿಯಲ್ಲಿ ಕಾಯುತ್ತಿದ್ದವು. ಚಂದ್ರಶೇಖರಪ್ಪ ಮಂಡಿಯೂರಿ ಕೂತು, ತಗಡಿನ ಸಂದಿನಲ್ಲಿ ಒಂದು ಬೀಜ ಇಟ್ಟು ನೋಡಿ ಸ್ಕ್ರೂ ಬಿಗಿದರು. ಗಗನಾ ನೀರು ಬಿಟ್ಟಳು. ಮುದ್ದಮ್ಮ ಸೆರಗು ಸಿಕ್ಕಿಸಿ ಚಕ್ರಕ್ಕೆ ಕೈ ಹಾಕಿದಳು. ಗರಗರ ಎಂದಿತು, ಒಮ್ಮೆ ತಡೆಯಿತು, ಮತ್ತೆ ತಿರುಗಿತು. ಸಿಪ್ಪೆ ಹಿಂದಕ್ಕೆ ಬಿತ್ತು. ಮುಂದಿನ ಬಾಯಿಂದ ಮೊದಲ ಬೀಜಗಳು ನುಣುಪಾಗಿ ಜಾರಿ ಬಂದವು. ಚಂದ್ರಶೇಖರಪ್ಪ ಒಂದು ಹಿಡಿ ಎತ್ತಿ ನೋಡಿದರು. ಒಂದಕ್ಕೂ ಗಾಯವಿಲ್ಲ.

“ಎಲ್ಲಿ, ನಿನ್ನ ಫೋನ್ ಕೊಡು,” ಎಂದರು ಮಗಳಿಗೆ. “ತಲುಪಿತು ಅನ್ನೋದು ಎಲ್ಲಿ ಒತ್ಬೇಕು?”

ಗಗನಾ ತೋರಿಸಿದಳು. ಅಂಟು ಬೆರಳಿಗೆ ಫೋನು ಮಣಿಯಲಿಲ್ಲ. ಬೆರಳನ್ನು ಪಂಚೆಗೆ ಒರೆಸಿ ಮತ್ತೊಮ್ಮೆ ಒತ್ತಿದರು. ಡಬ್ಬಿ ಹಸಿರಾಯಿತು. ಜಗಲಿಯ ಮೇಲಿದ್ದ ಮುದ್ದಮ್ಮನ ಫೋನು ಟಿಣ್ ಎಂದಿತು.

“ಮೆಸೇಜ್ ಬಂತು ನೋಡಿ ಅಕ್ಕ,” ಎಂದಳು ಗಗನಾ.

“ನೋಡೋದೆಂತ,” ಎಂದಳು ಮುದ್ದಮ್ಮ, ಚಕ್ರ ಬಿಡದೆ. “ಬೀಜ ಬೀಳ್ತಾ ಇದ್ಯಲ್ಲ.”